ಎಸ್‌ಎಸ್‌ಡಿಐ ಬರುತ್ತಿರುವಾಗ ಹೊಸ ಕಾಯಿಲೆ ಪತ್ತೆಯಾದರೆ ಸೋಷಿಯಲ್ ಸೆಕ್ಯುರಿಟಿಗೆ ಹೇಳಲೇಬೇಕಾ?

ನೀಲಿಕೊಡೆ
ನಮಸ್ಕಾರ. ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಬೆನ್ನುಮೂಳೆಯ ಆಪರೇಷನ್ ಆದ ಮೇಲೂ ಹೆಚ್ಚು ಹೊತ್ತು ಕೂರಲಾಗದೆ ಲ್ಯಾಬ್ ಕೆಲಸ ಬಿಟ್ಟೆ. 2021ರಿಂದ ಎಸ್‌ಎಸ್‌ಡಿಐ, ಅಂದರೆ ದುಡಿಯಲಾಗದವರಿಗೆ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಕೊಡುವ ಡಿಸೆಬಿಲಿಟಿ ದುಡ್ಡು, ಬರುತ್ತಿದೆ. ಈಗ ನ್ಯೂರಾಲಜಿಸ್ಟ್ ಪಾರ್ಕಿನ್ಸನ್ಸ್ ಅಂದಿದ್ದಾರೆ. ಬಲಗೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ.

ಮನೆಯಲ್ಲಿ ಎರಡು ಪಕ್ಷ ಆಗಿದೆ. ನಮ್ಮವರು "ದಾರೀಲಿ ಹೋಗೋ ಮಾರೀನ ಮನೆಗೆ ಕರೀಬೇಡ, ಸುಮ್ನಿರು. ಹೇಳಿದರೆ ಇಡೀ ಕೇಸ್ ಮತ್ತೆ ತೆಗೆಯುತ್ತಾರೆ" ಅನ್ನುತ್ತಾರೆ. ಅತ್ತಿಗೆ "ಎರಡು ಕಾಯಿಲೆ ಇದ್ದರೆ ದುಡ್ಡು ಜಾಸ್ತಿ ಕೊಡುತ್ತಾರೆ, ಹೊಸದಾಗಿ ಅರ್ಜಿ ಹಾಕು" ಅನ್ನುತ್ತಾರೆ. ನನಗೆ ಇಬ್ಬರ ಮಾತೂ ಪೂರ್ತಿ ನಂಬಿಕೆ ಬರುತ್ತಿಲ್ಲ. ಗೊತ್ತಿರುವವರು ಹೇಳಿ.

ಹಳೇಸೈಕಲ್
ಹೇಳಲೇಬೇಕು ಮೇಡಂ. ಸರ್ಕಾರದ ದುಡ್ಡು ತೆಗೆದುಕೊಂಡು ಆರೋಗ್ಯದ ವಿಷಯ ಮುಚ್ಚಿಟ್ಟರೆ ಅದು ಫ್ರಾಡ್. ಆಮೇಲೆ ಓವರ್‌ಪೇಮೆಂಟ್ ಅಂತ ಪತ್ರ ಬಂದರೆ ಕಟ್ಟುವವರು ಯಾರು?

ಕಡತರಾಯ
ಹಳೇಸೈಕಲ್ ಅವರೇ, ಸುಮ್ನೆ ಹೆದರಿಸಬೇಡಿ. ಬರಬಾರದ ದುಡ್ಡು ಬಂದಾಗ ಓವರ್‌ಪೇಮೆಂಟ್ ಆಗುತ್ತದೆ. ಕಾಯಿಲೆ ಜಾಸ್ತಿಯಾದವರಿಗೆ ಬರಬಾರದ ದುಡ್ಡು ಎಲ್ಲಿಂದ ಬಂತು?

ನಾನು ಡಿಸೆಬಿಲಿಟಿ ಕೇಸು ನಡೆಸುವ ವಕೀಲರ ಹತ್ತಿರ ಪ್ಯಾರಾಲೀಗಲ್ ಆಗಿದ್ದೆ. ಈ ಪ್ರಶ್ನೆ ಅಲ್ಲಿಗೆ ಪದೇ ಪದೇ ಬರುತ್ತಿತ್ತು. ಎಸ್‌ಎಸ್‌ಡಿಐ ಪಡೆಯುವವರು ತಮ್ಮ ಆರೋಗ್ಯ, ಕೆಲಸದ ಬಗ್ಗೆ ಏನು ತಿಳಿಸಬೇಕು ಅನ್ನುವುದು ಫೆಡರಲ್ ನಿಯಮ 20 ಸಿಎಫ್‌ಆರ್ 404.1588ರಲ್ಲಿದೆ. ಆರೋಗ್ಯ ಸುಧಾರಿಸಿದರೆ ಹೇಳಿ. ಮತ್ತೆ ಕೆಲಸಕ್ಕೆ ಹೋದರೆ ಹೇಳಿ. ಮಾಡುವ ಕೆಲಸ ಜಾಸ್ತಿಯಾದರೆ ಹೇಳಿ. ಸಂಬಳ ಜಾಸ್ತಿಯಾದರೆ ಹೇಳಿ. ನಾಲ್ಕೂ ಒಂದೇ ಕಡೆ ತಿರುಗಿವೆ ನೋಡಿ: ನಿಮಗೆ ಈ ದುಡ್ಡು ಇನ್ನು ಬೇಡವೇನೋ ಅನ್ನುವ ಕಡೆಗೆ. ಹೊಸ ಕಾಯಿಲೆ ಆ ಸಾಲಿನಲ್ಲಿ ಇಲ್ಲ.

ವಿಳಾಸ ಬದಲಾದರೆ, ಬ್ಯಾಂಕ್ ಖಾತೆ ಬದಲಾದರೆ, ವರ್ಕರ್ಸ್ ಕಾಂಪೆನ್ಸೇಷನ್ (ಕೆಲಸದಲ್ಲಿ ಪೆಟ್ಟಾದವರಿಗೆ ಕೊಡುವ ಪರಿಹಾರ) ಥರದ ಬೇರೆ ದುಡ್ಡು ಬರಲು ಶುರುವಾದರೆ ಅದನ್ನೂ ತಿಳಿಸಬೇಕು. ಅದು ಬೇರೆ ವಿಷಯ.

ಹಾಗಾಗಿ ಮೇಡಂ, ನೀವು ಈವತ್ತು ಫೋನ್ ಮಾಡದಿದ್ದರೆ ಏನನ್ನೂ ಮುಚ್ಚಿಟ್ಟ ಹಾಗಲ್ಲ. ಆದರೆ ಯಾವತ್ತಾದರೂ ಅವರು ಫಾರಂ ಕಳಿಸಿ ಕೇಳಿದರೆ ಎಲ್ಲಾ ಬರೆಯಬೇಕು. ಇದನ್ನು ಮಾತ್ರ ಮರೆಯಬೇಡಿ.

ನೀಲಿಕೊಡೆ
ಉಸಿರು ಬಂದ ಹಾಗಾಯಿತು ಸರ್. ದುಡ್ಡಿನ ವಿಷಯ? ಅತ್ತಿಗೆ ಪಟ್ಟು ಬಿಡುತ್ತಿಲ್ಲ. ಅವರ ಪರಿಚಯದವರೊಬ್ಬರಿಗೆ ಎರಡನೇ ಕಾಯಿಲೆ ಸೇರಿಸಿದ ಮೇಲೆ ತಿಂಗಳಿಗೆ ಜಾಸ್ತಿ ಬಂತಂತೆ.

ಕಡತರಾಯ
ಎಸ್‌ಎಸ್‌ಡಿಐನಲ್ಲಿ ಅರ್ಧ, ಮುಕ್ಕಾಲು ಅನ್ನುವುದಿಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮೊತ್ತ ನಿಮ್ಮ ಕಾಯಿಲೆಯಿಂದ ಬರುವುದಲ್ಲ. ನೀವು ದುಡಿದ ವರ್ಷಗಳಲ್ಲಿ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿದ ಸಂಬಳದ ಸರಾಸರಿಯಿಂದ ಬರುವುದು. ಕಾಯಿಲೆ ಎರಡಾಗಲಿ, ಐದಾಗಲಿ, ಆ ಸಂಬಳ ಬದಲಾಗುವುದಿಲ್ಲವಲ್ಲ. ಪ್ರತಿ ಜನವರಿಗೆ ಬೆಲೆಯೇರಿಕೆ ಲೆಕ್ಕದಲ್ಲಿ ಸ್ವಲ್ಪ ಏರುತ್ತದೆ, 2025ಕ್ಕೆ ಶೇ. 2.5 ಏರಿತ್ತು. ಅದು ಎಲ್ಲರಿಗೂ ಒಂದೇ.

ನಿಮ್ಮ ಅತ್ತಿಗೆಯ ಪರಿಚಯದವರು ಮಿಲಿಟರಿಯಲ್ಲಿದ್ದವರಾ ಅಂತ ಕೇಳಿ ನೋಡಿ.

ನೀಲಿಕೊಡೆ
ಹೌದು ಸರ್! ಅವರ ಪಕ್ಕದ ಮನೆಯವರು ನೇವಿಯಲ್ಲಿದ್ದರಂತೆ. ನಿಮಗೆ ಹೇಗೆ ಗೊತ್ತಾಯಿತು?

ಬೂಟುಪಾಲಿಶ್
ಇದಕ್ಕೆ ನಾನು ಉತ್ತರ ಕೊಡುತ್ತೇನೆ, ನನ್ನ ಗಂಡ ಆರ್ಮಿಯಲ್ಲಿದ್ದವರು. ವೆಟರನ್ಸ್ ಅಫೇರ್ಸ್ (ಮಾಜಿ ಸೈನಿಕರ ಇಲಾಖೆ) ಕೊಡುವ ಪರಿಹಾರವೇ ಬೇರೆ, ಇದೇ ಬೇರೆ. ಅಲ್ಲಿ ಶೇಕಡಾ ಲೆಕ್ಕ. ಸೇವೆಯಿಂದಾದ ಹೊಸ ತೊಂದರೆ ಅಥವಾ ಹಳೇ ತೊಂದರೆಯಿಂದ ಹುಟ್ಟಿದ ಇನ್ನೊಂದು ತೊಂದರೆ ಇದ್ದರೆ ಹೊಸ ಕ್ಲೇಮ್ ಹಾಕಬಹುದು, ರೇಟಿಂಗ್ ಏರಿದರೆ ದುಡ್ಡೂ ಏರುತ್ತದೆ. ನಮ್ಮವರಿಗೆ ಮೊಣಕಾಲು ಮೊದಲು, ಕುಂಟಿ ಕುಂಟಿ ಆಮೇಲೆ ಸೊಂಟ. ಎರಡನೆಯದನ್ನೂ ಸೇರಿಸಿದರು.

ಅಲ್ಲೂ ಸುಮ್ನೆ ಕೂಡಿಸುವುದಿಲ್ಲ. 50ಕ್ಕೆ 30 ಸೇರಿದರೆ 80 ಅಲ್ಲ. ಮೊದಲ 50 ಹೋದ ಮೇಲೆ ಉಳಿದ 50ರಲ್ಲಿ ಶೇ. 30, ಅಂದರೆ 15. ಒಟ್ಟು 65. ಅದನ್ನು 70ಕ್ಕೆ ಏರಿಸುತ್ತಾರೆ. ಈ ಲೆಕ್ಕ ನೋಡಿ ನಮ್ಮವರು ಒಂದು ದಿನ ಊಟ ಬಿಟ್ಟಿದ್ದರು.

ನೇವಿಯವರ ಕಥೆ ನಿಜವೇ ಇರಬಹುದು. ನಿಮಗೆ ಅನ್ವಯಿಸುವುದಿಲ್ಲ ಅಷ್ಟೇ.

ಸುಮ್ನಿರೋನು
ಇಷ್ಟೆಲ್ಲ ಯಾಕೆ? ದುಡ್ಡು ಏರಲ್ಲ, ಹೇಳಲೇಬೇಕು ಅಂತಲೂ ಇಲ್ಲ. ಹಾಗಾದರೆ ಬಾಯಿ ಮುಚ್ಚಿಕೊಂಡು ಇರುವುದೇ ಜಾಣತನ. ಮೇಡಂ ಮನೆಯವರು ಹೇಳಿದ್ದೇ ಸರಿ. ಮುಗೀತು ಚರ್ಚೆ.

ಕಡತರಾಯ
ಮುಗಿದಿಲ್ಲ ಸ್ವಾಮಿ. ಆಫೀಸಿಗೆ ಹೇಳುವುದು ಬೇರೆ, ಕಾಗದದಲ್ಲಿ ದಾಖಲಾಗುವುದು ಬೇರೆ. ಮೊದಲನೆಯದು ಬೇಕಿಲ್ಲ. ಎರಡನೆಯದು ಇಲ್ಲದಿದ್ದರೆ ಮುಂದೆ ತೊಂದರೆ.

ಎಸ್‌ಎಸ್‌ಡಿಐ ಒಮ್ಮೆ ಸಿಕ್ಕರೆ ಮುಗಿಯಲಿಲ್ಲ, ಮಧ್ಯೆ ಮಧ್ಯೆ ಮರುಪರಿಶೀಲನೆ ಇರುತ್ತದೆ. ಸಿಡಿಆರ್ ಅನ್ನುತ್ತಾರೆ. ಸುಧಾರಿಸುವ ನಿರೀಕ್ಷೆ ಇದ್ದರೆ 6ರಿಂದ 18 ತಿಂಗಳಿಗೆ, ಸುಧಾರಿಸಬಹುದು ಅನ್ನಿಸಿದರೆ ಸುಮಾರು 3 ವರ್ಷಕ್ಕೆ, ಸುಧಾರಿಸುವುದಿಲ್ಲ ಅಂದರೆ 5ರಿಂದ 7 ವರ್ಷಕ್ಕೆ. ನಿಮಗೆ ಮಂಜೂರಾದ ಪತ್ರ ಇದ್ದರೆ ತೆಗೆದು ನೋಡಿ, ಮುಂದಿನ ಪರಿಶೀಲನೆ ಯಾವಾಗ ಅಂತ ಅದರಲ್ಲಿ ಸೂಚನೆ ಇರುತ್ತದೆ.

ಆ ಪರಿಶೀಲನೆಯಲ್ಲಿ ಮೊದಲು ನೋಡುವುದು ನಿಮ್ಮ ಹಳೇ ಕಾಯಿಲೆಯನ್ನು. ಕೊನೆಯ ಸಲ ನಿಮ್ಮ ಪರವಾಗಿ ತೀರ್ಮಾನ ಆದಾಗ ಬೆನ್ನು ಹೇಗಿತ್ತು, ಈಗ ಹೇಗಿದೆ. ಸುಧಾರಿಸಿಲ್ಲ ಅಂದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ, ದುಡ್ಡು ಮುಂದುವರಿಯುತ್ತದೆ. ಬೆನ್ನು ಸುಧಾರಿಸಿದೆ ಅನ್ನಿಸಿದರೆ ಮಾತ್ರ ಮುಂದಿನ ಪ್ರಶ್ನೆ: ಈಗ ಇರುವ ಎಲ್ಲಾ ಕಾಯಿಲೆ ಸೇರಿಸಿ ನೋಡಿದರೆ ಇವರು ಕೆಲಸ ಮಾಡಬಲ್ಲರಾ? ಪಾರ್ಕಿನ್ಸನ್ಸ್ ಕೆಲಸಕ್ಕೆ ಬರುವುದು ಅಲ್ಲಿ. ಬೆನ್ನು ಪರವಾಗಿಲ್ಲ ಅಂತ ಅವರು ತೀರ್ಮಾನ ಮಾಡಿದರೂ ನಡುಗುವ ಕೈ, ನಿಧಾನ ನಡಿಗೆ, ಸುಸ್ತು ಇವೆಲ್ಲ ನಿಮ್ಮ ಕೇಸನ್ನು ಉಳಿಸಬಹುದು.

ಆದರೆ ಅದು ಕಾಗದದಲ್ಲಿ ಇರಬೇಕು. ಬಾಯಲ್ಲಿ ಹೇಳಿದ್ದಕ್ಕೆ ಅಲ್ಲಿ ತೂಕ ಕಡಿಮೆ.

ನೀಲಿಕೊಡೆ
ಕಾಗದ ಅಂದರೆ ಡಾಕ್ಟರ್ ಸರ್ಟಿಫಿಕೇಟಾ?

ಕಡತರಾಯ
"ಇವರಿಗೆ ಪಾರ್ಕಿನ್ಸನ್ಸ್ ಇದೆ" ಅಂತ ಒಂದು ಸಾಲಿನ ಸರ್ಟಿಫಿಕೇಟ್ ಹೆಚ್ಚು ಕೆಲಸ ಮಾಡುವುದಿಲ್ಲ. ರೋಗದ ಹೆಸರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಏನು ಮಾಡಲಾಗುವುದಿಲ್ಲ ಅನ್ನುವುದಕ್ಕೆ ಕೊಡುವುದು. ಗುಂಡಿ ಹಾಕಲು ಎಷ್ಟು ಹೊತ್ತು ಬೇಕು, ಕೀಬೋರ್ಡ್ ಒತ್ತಲು ಆಗುತ್ತಾ, ತಟ್ಟೆ ಹಿಡಿದು ನಡೆದರೆ ಚೆಲ್ಲುತ್ತಾ, ಎಷ್ಟು ಸಲ ಮುಗ್ಗರಿಸಿದಿರಿ, ಮಾತ್ರೆಯ ಪ್ರಭಾವ ಇಳಿದ ಹೊತ್ತಿನಲ್ಲಿ ಏನಾಗುತ್ತದೆ. ಇದು ಪ್ರತಿ ಭೇಟಿಯ ನೋಟ್ಸ್‌ನಲ್ಲಿ ಬರಬೇಕು.

ನಮ್ಮವರಲ್ಲಿ ಒಂದು ಅಭ್ಯಾಸ ಇದೆ. ಡಾಕ್ಟರ್ "ಹೇಗಿದ್ದೀರಿ" ಅಂದ ತಕ್ಷಣ "ಚೆನ್ನಾಗಿದ್ದೀನಿ ಡಾಕ್ಟ್ರೇ" ಅನ್ನುತ್ತೇವೆ. ಅದು ಮರ್ಯಾದೆಯ ಮಾತು. ಅವರು ಅದನ್ನು ಹಾಗೇ ಟೈಪ್ ಮಾಡಿಕೊಳ್ಳುತ್ತಾರೆ: ರೋಗಿ ಚೆನ್ನಾಗಿದ್ದಾರೆ. ಮೂರು ವರ್ಷದ ನಂತರ ಆ ಸಾಲನ್ನು ನಿಮ್ಮನ್ನು ಕಂಡಿಲ್ಲದ ಯಾರೋ ಓದುತ್ತಾರೆ. ಪಾರ್ಕಿನ್ಸನ್ಸ್‌ನಲ್ಲಿ ಇದು ಇನ್ನೂ ಜಾಸ್ತಿ. ಲೆವೊಡೋಪಾ ಮಾತ್ರೆ ಶುರು ಮಾಡಿದ ಹೊಸದರಲ್ಲಿ ಬಹಳ ಜನರಿಗೆ ನಿಜವಾಗಿಯೂ ಹಾಯೆನಿಸುತ್ತದೆ. "ಔಷಧಕ್ಕೆ ಒಳ್ಳೆಯ ಪ್ರತಿಕ್ರಿಯೆ" ಅಂತ ದಾಖಲಾಗುತ್ತದೆ. ಅದು ಸುಳ್ಳಲ್ಲ. ಆದರೆ ದಿನದ ಉಳಿದ ಹೊತ್ತಿನ ಕಥೆಯೂ ಪಕ್ಕದಲ್ಲಿ ಇರಲಿ.

ತಡರಾತ್ರಿ
ಇದನ್ನು ನೂರು ಸಲ ಹೇಳಬೇಕು ಸರ್. ನನ್ನ ತಂಗಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಡಾಕ್ಟರ ಹತ್ತಿರ ಹೋಗುವಾಗ ತಲೆ ಬಾಚಿ, ಒಳ್ಳೆ ಬಟ್ಟೆ ಹಾಕಿಕೊಂಡು ನಗುತ್ತಾ ಹೋಗುತ್ತಾಳೆ. ಕೂದಲು ನಾನು ಬಾಚಿದ್ದು ಅಂತ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಈಗ ನಾನೇ ಜೊತೆಗೆ ಹೋಗಿ ಹೇಳುತ್ತೇನೆ. ಅವಳಿಗೆ ನಾಚಿಕೆ, ನನಗಿಲ್ಲ.

ಒಂದು ಪ್ರಶ್ನೆ. ಪರಿಶೀಲನೆಗೆ ಚಿಕ್ಕ ಫಾರಂ ಬಂದಿದೆ. ಅದರಲ್ಲಿ ಹೊಸ ಕಾಯಿಲೆ ಬರೆಯಲು ಜಾಗವೇ ಕಾಣುತ್ತಿಲ್ಲ.

ಕಡತರಾಯ
ಅದು ಎಸ್‌ಎಸ್‌ಎ-455 ಇರಬೇಕು. ಆರೋಗ್ಯ ಮೊದಲಿಗಿಂತ ಚೆನ್ನಾಗಿದೆಯಾ, ಹಾಗೇ ಇದೆಯಾ, ಹದಗೆಟ್ಟಿದೆಯಾ ಅಂತ ಕೇಳುತ್ತದೆ. ಕೆಲಸ ಮಾಡಿದ್ದೀರಾ, ಡಾಕ್ಟರನ್ನು ಯಾಕೆ ನೋಡಿದಿರಿ, ಆಸ್ಪತ್ರೆಗೆ ಸೇರಿದ್ದಿರಾ, ಹೀಗೆ. ಡಾಕ್ಟರನ್ನು ನೋಡಿದ ಕಾರಣ ಕೇಳುವ ಸಾಲಿನಲ್ಲಿ ಹೊಸ ಕಾಯಿಲೆಯ ಹೆಸರು ಬರೆಯಿರಿ. 30 ದಿನದೊಳಗೆ ಕಳಿಸಿ. ಇದನ್ನು ನೋಡಿ ಬಹಳಷ್ಟು ಜನರಿಗೆ "ಸದ್ಯಕ್ಕೆ ಪರಿಶೀಲನೆ ಬೇಕಿಲ್ಲ" ಅಂತ ಪತ್ರ ಬರುತ್ತದೆ.

ದಪ್ಪ ಫಾರಂ ಎಸ್‌ಎಸ್‌ಎ-454. ಅದು ಬಂದರೆ ಪೂರ್ತಿ ಪರಿಶೀಲನೆ ಅಂತ ಅರ್ಥ. ಅದರಲ್ಲಿ ಎಲ್ಲಾ ಕಾಯಿಲೆ, ಕಳೆದ 12 ತಿಂಗಳಲ್ಲಿ ನೋಡಿದ ಎಲ್ಲಾ ಡಾಕ್ಟರು, ಮಾತ್ರೆ, ಪರೀಕ್ಷೆ ಎಲ್ಲಾ ಬರೆಯಬೇಕು. ಹೊಸ ಡಾಕ್ಟರ ಹೆಸರು ಬಿಟ್ಟರೆ ಅವರ ದಾಖಲೆ ತರಿಸುವುದೇ ಇಲ್ಲ. ಜನ ಎಡವುವುದು ಇಲ್ಲೇ: ಡಿಸೆಬಿಲಿಟಿ ಸಿಕ್ಕಿದ್ದು ಬೆನ್ನಿಗೆ ಅಂತ ಬರೀ ಬೆನ್ನಿನ ಡಾಕ್ಟರ ಹೆಸರು ಬರೆಯುತ್ತಾರೆ.

ಕಳಿಸುವ ಮೊದಲು ಫೋಟೋ ತೆಗೆದು ಇಟ್ಟುಕೊಳ್ಳಿ.

ಸುಮ್ನಿರೋನು
ನಿಲ್ಲಿಸುತ್ತೇವೆ ಅಂತ ಪತ್ರ ಬಂದರೆ ಏನು ಮಾಡಬೇಕು ಅದನ್ನೂ ಹೇಳಿ ಮತ್ತೆ. ನಮ್ಮ ಪಕ್ಕದವರಿಗೆ ಹಾಗೇ ಆಯಿತು.

ಕಡತರಾಯ
ಮೇಲ್ಮನವಿಗೆ 60 ದಿನ. ಆದರೆ ಅದಕ್ಕಿಂತ ಮುಖ್ಯ ಗಡುವು 10 ದಿನದ್ದು. ಮೇಲ್ಮನವಿ ನಡೆಯುವಷ್ಟು ಕಾಲ ದುಡ್ಡು ಬರುತ್ತಿರಲಿ ಅಂತ 10 ದಿನದೊಳಗೆ ಕೇಳಿಕೊಳ್ಳಬಹುದು. ಎರಡಕ್ಕೂ ಅಂಚೆಗೆ ಅಂತ 5 ದಿನ ಸೇರಿಸುತ್ತಾರೆ. ಕೊನೆಗೆ ಸೋತರೆ ಆ ದುಡ್ಡು ವಾಪಸ್ ಕೇಳಬಹುದು, ಮನ್ನಾ ಮಾಡಿ ಅಂತ ಅರ್ಜಿ ಹಾಕುವ ದಾರಿಯೂ ಇದೆ. ಪಕ್ಕದವರು ಲೀಗಲ್ ಏಡ್ ಹತ್ತಿರ ಹೋಗಲಿ.

ಪುಟ್ಟಿಯಮ್ಮ
ನನ್ನದು ಸ್ವಲ್ಪ ಬೇರೆ. ಮಗಳಿಗೆ 17. ಸೆರೆಬ್ರಲ್ ಪಾಲ್ಸಿ, ಚಿಕ್ಕಂದಿನಿಂದ ಎಸ್‌ಎಸ್‌ಐ (ಆದಾಯ, ಆಸ್ತಿ ಕಡಿಮೆ ಇರುವ ಅಂಗವಿಕಲರಿಗೆ ಸೋಷಿಯಲ್ ಸೆಕ್ಯುರಿಟಿ ಕೊಡುವ ದುಡ್ಡು) ಬರುತ್ತಿದೆ. ಈಗ ಎಪಿಲೆಪ್ಸಿ ಕೂಡ ಅಂತ ಗೊತ್ತಾಯಿತು. ಮೇಲೆ ಹೇಳಿದ್ದೆಲ್ಲ ಎಸ್‌ಎಸ್‌ಐಗೂ ಸರಿಯಾ?

ಕಡತರಾಯ
ಪುಟ್ಟಿಯಮ್ಮ, ನಿಮಗೆ ಒಂದು ಮುಖ್ಯ ವ್ಯತ್ಯಾಸ ಇದೆ. ಮಗಳಿಗೆ 18 ತುಂಬಿದ ಮೇಲೆ ಕೇಸನ್ನು ಹೊಸದಾಗಿ ನೋಡುತ್ತಾರೆ. "ಮೊದಲಿಗಿಂತ ಸುಧಾರಿಸಿದೆಯಾ" ಅನ್ನುವ ಪ್ರಶ್ನೆ ಅಲ್ಲಿಲ್ಲ. ದೊಡ್ಡವರು ಮೊದಲ ಸಲ ಅರ್ಜಿ ಹಾಕಿದರೆ ಯಾವ ಅಳತೆಯೋ ಅದೇ ಅಳತೆ. ಇಷ್ಟು ವರ್ಷ ಬಂದಿದೆ ಅನ್ನುವುದು ಅಲ್ಲಿ ಆಸರೆಯಾಗುವುದಿಲ್ಲ. ಹಾಗಾಗಿ ಎಪಿಲೆಪ್ಸಿಯ ಕಾಗದ ಈಗಿನಿಂದಲೇ ಸೇರಿಸಿಡಿ. ಫಿಟ್ಸ್ ಬಂದ ದಿನ, ಎಷ್ಟು ಹೊತ್ತು, ಆಮೇಲೆ ಎಷ್ಟು ಹೊತ್ತು ಮಂಕಾಗಿರುತ್ತಾಳೆ, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಪ್ರತಿ ಭೇಟಿಯಲ್ಲಿ ಡಾಕ್ಟರಿಗೆ ಅದನ್ನು ತೋರಿಸಿ.

ಶಾಲೆಯಲ್ಲಿ ಐಇಪಿ, ಅಂದರೆ ಅವಳಿಗಂತಲೇ ಮಾಡಿದ ವಿಶೇಷ ಶಿಕ್ಷಣದ ಯೋಜನೆ, ಇದೆಯಾ? ಇದ್ದರೆ ಅದರ ಪ್ರತಿ ಕೂಡ ಇರಲಿ. 18ರ ಪರಿಶೀಲನೆಯಲ್ಲಿ ಆಗಲಿಲ್ಲ ಅಂದರೂ ಐಇಪಿ ನಡೆಯುತ್ತಿರುವ ಮಕ್ಕಳಿಗೆ ದುಡ್ಡು ಮುಂದುವರಿಸುವ ಅವಕಾಶ ಇದೆ. ಸೆಕ್ಷನ್ 301 ಅಂತ ಕೇಳಿ.

ಪುಟ್ಟಿಯಮ್ಮ
ಐಇಪಿ ಇದೆ. 301 ಬಗ್ಗೆ ಇವತ್ತೇ ಮೊದಲು ಕೇಳಿದ್ದು. ಈ ಎಪಿಲೆಪ್ಸಿಯಿಂದ ಅವಳು ಆಸ್ಪತ್ರೆಯಲ್ಲಿ ಸ್ವಲ್ಪ ಜಾಸ್ತಿ ದಿನ ಇರಬೇಕಾಗಬಹುದು ಅಂತಿದ್ದಾರೆ.

ಕಡತರಾಯ
ಅದನ್ನು ಮಾತ್ರ ಖಂಡಿತ ತಿಳಿಸಿ. ಎಸ್‌ಎಸ್‌ಐನಲ್ಲಿ ಕಾಯಿಲೆಯ ಹೆಸರಿಗಿಂತ ಇಂಥ ಬದಲಾವಣೆಗಳು ದುಡ್ಡನ್ನು ಅಲುಗಾಡಿಸುತ್ತವೆ. ತಿಂಗಳು ಪೂರ್ತಿ ಆಸ್ಪತ್ರೆಯಲ್ಲಿದ್ದು ಮೆಡಿಕೈಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಖರ್ಚು ಕೊಡುತ್ತಿದ್ದರೆ ಎಸ್‌ಎಸ್‌ಐ ತಿಂಗಳಿಗೆ 30 ಡಾಲರಿಗೆ ಇಳಿಯಬಹುದು. ಎಸ್‌ಎಸ್‌ಐ ಬದಲಾವಣೆಗಳನ್ನು ಮುಂದಿನ ತಿಂಗಳ 10ನೇ ತಾರೀಕಿನೊಳಗೆ ಹೇಳಬೇಕು. ಮನೆಯವರ ಸಂಬಳ, ಮನೆಯಲ್ಲಿ ಎಷ್ಟು ಜನ, ಬ್ಯಾಂಕಿನಲ್ಲಿ 2,000 ಡಾಲರ್ ದಾಟಿತಾ, ಎಲ್ಲಾ. ಎಸ್‌ಎಸ್‌ಡಿಐನವರಿಗೆ ಈ ತಲೆನೋವು ಇಲ್ಲ.

ಅರ್ಧಸಂಬಳ
ಯಾರೂ ಲಾಂಗ್ ಟರ್ಮ್ ಡಿಸೆಬಿಲಿಟಿ ಇನ್ಶೂರೆನ್ಸ್ ಬಗ್ಗೆ ಹೇಳಲಿಲ್ಲ. ನೀಲಿಕೊಡೆಯವರೇ, ಲ್ಯಾಬ್ ಕೆಲಸದ ಇನ್ಶೂರೆನ್ಸಿನಿಂದಲೂ ಏನಾದರೂ ಬರುತ್ತಿದೆಯಾ? ಬರುತ್ತಿದ್ದರೆ ಕಡತರಾಯರು ಹೇಳಿದ್ದು ಅಲ್ಲಿಗೆ ಅನ್ವಯಿಸುವುದಿಲ್ಲ. ಅಲ್ಲಿ ಪಾಲಿಸಿಯಲ್ಲಿ ಏನು ಬರೆದಿದೆಯೋ ಅದೇ ಕಾನೂನು.

ನನಗೆ ಡಿಪ್ರೆಷನ್ ಅಂತ ಕೊಡುತ್ತಿದ್ದರು. ಬಹಳ ಪಾಲಿಸಿಗಳಲ್ಲಿ ಮಾನಸಿಕ ಕಾಯಿಲೆಗೆ 24 ತಿಂಗಳು ಮಾತ್ರ. ಮಧ್ಯದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಪತ್ತೆಯಾಯಿತು. ಇಲ್ಲಿ ಹೇಳಿದ್ದೇ ನನ್ನನ್ನು ಉಳಿಸಿದ್ದು. 24 ತಿಂಗಳು ಮುಗಿಯುವ ಮೊದಲೇ ನ್ಯೂರಾಲಜಿ ದಾಖಲೆ, ಎಂಆರ್‌ಐ ಎಲ್ಲಾ ಬರಹದಲ್ಲಿ ಕಳಿಸಿದೆ. ಕಂಪನಿಯವರು ಫೋನಿನಲ್ಲಿ "ಗಮನಿಸಿದ್ದೇವೆ" ಅಂದರು. ಆಮೇಲೆ ಫೈಲ್ ತರಿಸಿ ನೋಡಿದರೆ ಆ ಫೋನ್ ಮಾತಿನ ಸುಳಿವೇ ಇರಲಿಲ್ಲ. ಪತ್ರ ಮಾತ್ರ ಇತ್ತು.

ನೀಲಿಕೊಡೆ
ಸ್ವಲ್ಪ ಬರುತ್ತಿದೆ. ಎಸ್‌ಎಸ್‌ಡಿಐ ಕಳೆದು ಉಳಿದದ್ದು. ಪಾಲಿಸಿ ಪುಸ್ತಕ ನಾನು ತೆರೆದೇ ನೋಡಿಲ್ಲ.

ಅರ್ಧಸಂಬಳ
ನೋಡಿ ಅಕ್ಕ. ಮೊದಲ ಎರಡು ವರ್ಷ ನಿಮ್ಮ ಹಳೇ ಕೆಲಸ ಆಗುತ್ತಾ ಅಂತ ಕೇಳುತ್ತಾರೆ, ಆಮೇಲೆ ಯಾವುದೇ ಕೆಲಸ ಆಗುತ್ತಾ ಅಂತ ಕೇಳುತ್ತಾರೆ. ಬಹಳ ಪಾಲಿಸಿ ಹೀಗೇ. ಎರಡನೇ ಪ್ರಶ್ನೆಗೆ ಬರೀ ಬೆನ್ನಿಗಿಂತ ಬೆನ್ನು ಮತ್ತು ಕೈ ಎರಡೂ ಸೇರಿದ್ದು ಬಲವಾದ ಉತ್ತರ. ಬರಹದಲ್ಲೇ ಕಳಿಸಿ.

ಚಿಟ್ಟೆಮರಿ
ನಾನು ತಿಂಗಳಿಗೆ ಸ್ವಲ್ಪ ಟ್ಯೂಷನ್ ಮಾಡುತ್ತೇನೆ, ಎಸ್‌ಎಸ್‌ಡಿಐ ಇದೆ. ಈಗ ಗ್ಲಾಕೋಮಾ ಪತ್ತೆಯಾಗಿ ದೃಷ್ಟಿ ಬಹಳ ಕಡಿಮೆಯಾಗಿದೆ. ನನಗೂ ಅದೇ ಉತ್ತರಾನಾ, ಹೇಳಬೇಕಿಲ್ಲ ಅಂತ?

ಕಡತರಾಯ
ನಿಮಗೆ ಬೇರೆ ಉತ್ತರ. ಟ್ಯೂಷನ್ ಸಂಪಾದನೆಯನ್ನು ಹೇಗೂ ತಿಳಿಸುತ್ತಿರಬೇಕು. ಜೊತೆಗೆ, ಕಾನೂನಿನ ಪ್ರಕಾರ ಅಂಧತ್ವ ಅಂತಾದರೆ ನೀವಾಗಿಯೇ ಹೇಳುವುದರಲ್ಲಿ ಲಾಭ ಇದೆ. ಕನ್ನಡಕ ಹಾಕಿಯೂ ಚೆನ್ನಾಗಿರುವ ಕಣ್ಣಿನಲ್ಲಿ 20/200 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ ನೋಟದ ಹರವು 20 ಡಿಗ್ರಿ ಅಥವಾ ಕಡಿಮೆ ಇರಬೇಕು. ಗ್ಲಾಕೋಮಾದಲ್ಲಿ ಎರಡನೆಯದು ಹೆಚ್ಚಾಗಿ ಅನ್ವಯಿಸುತ್ತದೆ, ಫೀಲ್ಡ್ ಟೆಸ್ಟ್ ವರದಿ ಕೇಳಿ.

ಲಾಭ ಏನೆಂದರೆ, 2025ರಲ್ಲಿ ತಿಂಗಳಿಗೆ 1,620 ಡಾಲರ್ ದಾಟಿದರೆ ಗಣನೀಯ ಸಂಪಾದನೆ, ಅಂದರೆ ಕೆಲಸ ಮಾಡಬಲ್ಲರು, ಅನ್ನುತ್ತಿದ್ದರು. ಅಂಧರಿಗೆ ಆ ಮಿತಿ 2,700 ಇತ್ತು. ಟ್ಯೂಷನ್ ಮಕ್ಕಳು ಜಾಸ್ತಿಯಾದರೆ ಈ ಅಂತರ ದೊಡ್ಡದು.

ತಡರಾತ್ರಿ
ಹಾಗಾದರೆ ಕೆಲಸಕ್ಕೆ ಹೋಗಿ ಎಸ್‌ಎಸ್‌ಡಿಐ ನಿಂತವರಿಗೆ ಹೊಸ ಕಾಯಿಲೆ ಬಂದರೆ? ನನ್ನ ಸ್ನೇಹಿತ ಹಾಗಿದ್ದಾನೆ. ಐದು ವರ್ಷದೊಳಗೆ ಸುಲಭವಾಗಿ ವಾಪಸ್ ಪಡೆಯಬಹುದು ಅಂತಾರಲ್ಲ.

ಕಡತರಾಯ
ಪಡೆಯಬಹುದು, ಅದು ಎಕ್ಸ್‌ಪಿಡೈಟೆಡ್ ರೀಇನ್‌ಸ್ಟೇಟ್‌ಮೆಂಟ್. ಆದರೆ ಹಳೇ ಕಾಯಿಲೆ ಅಥವಾ ಅದಕ್ಕೆ ಸಂಬಂಧಪಟ್ಟ ಕಾಯಿಲೆಯಿಂದ ಕೆಲಸ ನಿಂತಿರಬೇಕು. ಪೂರ್ತಿ ಬೇರೆ ಕಾಯಿಲೆ ಆದರೆ ಹೊಸ ಅರ್ಜಿಯೇ ದಾರಿ. ಸಂಬಂಧ ಇದೆಯಾ ಅಂತ ಡಾಕ್ಟರನ್ನು ಕೇಳಿ, ಅವರು ಬರೆದುಕೊಟ್ಟರೆ ಉಪಯೋಗ.

ನೀಲಿಕೊಡೆ ಮೇಡಂ, ಇನ್ನೆರಡು ಮಾತು. ಹೊಸ ಮಾತ್ರೆ ನಿಮ್ಮ ಮೆಡಿಕೇರ್ ಪಾರ್ಟ್ ಡಿ (ಸರ್ಕಾರಿ ಆರೋಗ್ಯ ವಿಮೆಯ ಔಷಧದ ಭಾಗ) ಪ್ಲಾನಿನ ಪಟ್ಟಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ಪ್ಲಾನ್ ಬದಲಿಸಿ. ಇನ್ನೊಂದು, ಮುಂದೆ ಪತ್ರ ವ್ಯವಹಾರ ನೋಡಲು ಕಷ್ಟವಾದರೆ ನಿಮ್ಮ ದುಡ್ಡನ್ನು ಯಾರು ನೋಡಿಕೊಳ್ಳಬೇಕು ಅಂತ ಮೂರು ಹೆಸರನ್ನು ಮುಂಚಿತವಾಗಿ ಸೋಷಿಯಲ್ ಸೆಕ್ಯುರಿಟಿಗೆ ಕೊಡಬಹುದು. ಪವರ್ ಆಫ್ ಅಟಾರ್ನಿ ಇದೆಯಲ್ಲ ಅಂತ ಸುಮ್ಮನಾಗಬೇಡಿ, ಈ ದುಡ್ಡಿನ ವಿಷಯಕ್ಕೆ ಅವರು ಅದನ್ನು ಒಪ್ಪುವುದಿಲ್ಲ.

ನೀಲಿಕೊಡೆ
ಮೂರು ಹೆಸರಿನಲ್ಲಿ ಅತ್ತಿಗೆಯದು ಇರುವುದಿಲ್ಲ.

ಹಳೇಸೈಕಲ್
😄 ಫ್ರಾಡ್ ಅಂದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ ಮೇಡಂ. ಬೇಗ ಹುಷಾರಾಗಿ.

ದೊಡ್ಡಣ್ಣನತಮ್ಮ
ತಡವಾಗಿ ಬರುತ್ತಿದ್ದೇನೆ. ಅಣ್ಣನಿಗೆ ಎಸ್‌ಎಸ್‌ಐ. ಹೊಸದಾಗಿ ಕಿಡ್ನಿ ತೊಂದರೆ ಅಂತ ಹೇಳಿದ್ದಾರೆ. ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸೋಣ ಅಂತ ಅಮ್ಮ ಹೇಳುತ್ತಿದ್ದಾರೆ. ಕಾಯಿಲೆ ವಿಷಯ ಹೇಳಬೇಕಾ ಅನ್ನುವುದಷ್ಟೇ ನನ್ನ ಪ್ರಶ್ನೆ.

ಕಡತರಾಯ
ಕಾಯಿಲೆ ಆಮೇಲೆ, ಮೊದಲು ಪ್ರಯಾಣ. ಎಷ್ಟು ದಿನಕ್ಕೆ ಹೋಗುತ್ತೀರಿ? ಸತತ 30 ದಿನ ದೇಶದ ಹೊರಗಿದ್ದರೆ ಎಸ್‌ಎಸ್‌ಐ ನಿಲ್ಲುತ್ತದೆ. ವಾಪಸ್ ಬಂದ ಮೇಲೂ ಸತತ 30 ದಿನ ಇಲ್ಲಿ ಇದ್ದ ಮೇಲೆಯೇ ಮತ್ತೆ ಶುರು. ಮೇಲೆ ಬರೆದವರ ಎಸ್‌ಎಸ್‌ಡಿಐಗೂ ಇದಕ್ಕೂ ಹೋಲಿಸಬೇಡಿ, ಅಲ್ಲಿ ನಿಯಮ ಬೇರೆ.

ಕಿಡ್ನಿ ಡಯಾಲಿಸಿಸ್ ಹಂತಕ್ಕೆ ಹೋದರೆ ಮೆಡಿಕೇರ್‌ಗೆ ಬೇರೆಯೇ ದಾರಿ ಇದೆ, ವಯಸ್ಸು ನೋಡುವುದಿಲ್ಲ. ಅಣ್ಣ ಕೆಲಸ ಮಾಡಿ ತೆರಿಗೆ ಕಟ್ಟಿದ್ದಾರಾ ಅನ್ನುವುದರ ಮೇಲೆ ಹೋಗುತ್ತದೆ. ನೆಫ್ರಾಲಜಿ ಕ್ಲಿನಿಕ್ಕಿನ ಸೋಷಿಯಲ್ ವರ್ಕರ್ ಹತ್ತಿರ ಕೇಳಿ.

ದೊಡ್ಡಣ್ಣನತಮ್ಮ
ಟಿಕೆಟ್ ಆರು ವಾರಕ್ಕೆ ತೆಗೆದಾಗಿದೆ ಸರ್.

ಕಡತರಾಯ
ಹೊರಡುವ ಮೊದಲೇ ಹೊರಡುವ ದಿನ, ವಾಪಸ್ ಬರುವ ದಿನ ಎರಡನ್ನೂ ತಿಳಿಸಿ. ಇಲ್ಲದಿದ್ದರೆ ನಿಲ್ಲಬೇಕಾದ ತಿಂಗಳ ದುಡ್ಡು ಖಾತೆಗೆ ಬರುತ್ತದೆ, ಆಮೇಲೆ ವಾಪಸ್ ಕಟ್ಟುವ ಪತ್ರ ಬರುತ್ತದೆ. ವಾಪಸ್ ಬರುವ ಟಿಕೆಟನ್ನು ಇನ್ನೂ ಬೇಗದ ದಿನಕ್ಕೆ ಬದಲಿಸಲು ಎಷ್ಟು ಕೇಳುತ್ತಾರೆ ವಿಚಾರಿಸಿ. 30 ದಿನದ ಒಳಗೆ ಬಂದರೆ ಇಷ್ಟು ಗೊಂದಲವೇ ಇಲ್ಲ.